ನಿಂಗಕ್ಕ ಚಿಮುಕಿಸಿದ ನೀರು

ನಮ್ಮ ಕಾರ್ಖಾನೆಯ ಗೇಟು ದಾಟಿದರೆ ಎಡಕ್ಕೆ ಒಂದು ಬೋರ್ಡಿದೆ. ಸುರಕ್ಷತಾ ಸಪ್ತಾಹದಲ್ಲಿ ಅದರ ಮೇಲೆ ನಿಂಗಕ್ಕನ ಫೋಟೋ ಅಂಟಿಸಿದ್ದರು. ಕೆಳಗೆ ‘ಧೈರ್ಯವಂತ ಮಹಿಳೆ’ ಎಂದು ದಪ್ಪ ಅಕ್ಷರ. ಸಪ್ತಾಹ ಮುಗಿದು ಎಷ್ಟೋ ದಿನವಾದರೂ ಯಾರೂ ಅದನ್ನು ಕಿತ್ತಿರಲಿಲ್ಲ. ಬಿಸಿಲಿಗೆ ಬಣ್ಣ ಹೋಗಿ ಮುಖ ಬೆಳ್ಳಗಾಗಿತ್ತು. ಹೋಗುವಾಗ ಬರುವಾಗ ಅದು ಕಣ್ಣಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೊಗಳುವುದಕ್ಕೆ ಅವರಿಗೇನು, ಒಂದು ಪ್ರಿಂಟ್ ತೆಗೆದರೆ ಮುಗಿಯಿತು. ನಾನು ಕಂಡ ನಿಂಗಕ್ಕ ಧೈರ್ಯವಂತೆಯೂ ಅಲ್ಲ, ಪುಕ್ಕಲಿಯೂ ಅಲ್ಲ. ಅವಳು ಮರಗಟ್ಟಿ ಹೋಗಿದ್ದಳು, ಅಷ್ಟೇ. ಅದಕ್ಕೆ ಯಾರೂ ಬೋರ್ಡು ಬರೆಯುವುದಿಲ್ಲ.

ನಾನು ಕೊಟ್ರಯ್ಯ, ಅಲ್ಲಿಯ ಸ್ಟೋರ್ ಕೀಪರ್. ಊರು ಕಂಪ್ಲಿ. ನಮ್ಮಪ್ಪ ರೈಸ್ ಮಿಲ್ಲಿನಲ್ಲಿ ತೂಕಕ್ಕೆ ನಿಲ್ಲುತ್ತಿದ್ದ, ನಾನು ತೌಡಿನ ವಾಸನೆಯಲ್ಲಿ ಬೆಳೆದವನು. ಈಗ ಹೊಟ್ಟೆ ತುಂಬಿಸುತ್ತಿರುವುದು ಬೆಂಜೀನಿನ ವಾಸನೆ. ಬೆಳಿಗ್ಗೆ ಕಂಪ್ಲಿಯಿಂದ ಹೊಸಪೇಟೆಗೆ ಬಸ್ಸು, ಅಲ್ಲಿಂದ ಸಂಡೂರು ರಸ್ತೆಗೆ ಕಂಪನಿ ಗಾಡಿ. ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಸ್ವಲ್ಪ ಸರಿದು ಕೂರುತ್ತಾರೆ. ಮೊದಮೊದಲು ಬೇಜಾರಾಗುತ್ತಿತ್ತು, ಈಗ ಕಾಲು ಚಾಚಲು ಜಾಗ ಸಿಕ್ಕಿತೆಂದು ಸುಮ್ಮನಿರುತ್ತೇನೆ.

ನಮ್ಮ ಕೆಲಸ ಏನೆಂದರೆ, ಈ ಕಡೆಯ ಉಕ್ಕಿನ ಕಾರ್ಖಾನೆಗಳಲ್ಲಿ ಕಲ್ಲಿದ್ದಲನ್ನು ಬೇಯಿಸಿ ಕೋಕ್ ಮಾಡುವಾಗ ಒಂದು ಎಣ್ಣೆ ಇಳಿಯುತ್ತದೆ. ಕಂದು ಬಣ್ಣ, ತಲೆ ತಿರುಗಿಸುವ ವಾಸನೆ. ಅದು ಟ್ಯಾಂಕರಿನಲ್ಲಿ ನಮ್ಮಲ್ಲಿಗೆ ಬರುತ್ತದೆ. ಅದನ್ನು ಕಾಯಿಸಿ, ಬೇರ್ಪಡಿಸಿ ಬೆಂಜೀನ್, ಟಾಲ್ವೀನ್ ತೆಗೆಯುತ್ತೇವೆ. ಪೇಂಟಿನವರು, ಔಷಧಿಯವರು, ಪ್ಲಾಸ್ಟಿಕ್ಕಿನವರು ಕೊಳ್ಳುತ್ತಾರೆ. ಆದರೆ ಬೇರ್ಪಡಿಸಿದ ಮೇಲೂ ಒಂದಿಷ್ಟು ಕಲಬೆರಕೆ ಒಳಗೇ ಉಳಿದಿರುತ್ತದೆ. ಇಟ್ಟಲ್ಲೇ ಹಳದಿ ತಿರುಗಿಸುವ ಜಾತಿ ಅದು. ಅದನ್ನು ತೆಗೆಯಲು ಒಂದು ಟವರ್ ಇದೆ. ಎರಡು ಮಹಡಿ ಎತ್ತರದ ಉಕ್ಕಿನ ಉರುಳೆ, ಒಳಗೆ ತುಂಬ ಒಂದು ಥರದ ಮಣ್ಣು. ಬಿಸಿ ಬೆಂಜೀನ್ ಆ ಮಣ್ಣಿನಲ್ಲಿ ಹಾಯ್ದು ಇಳಿದರೆ ಕೆಟ್ಟದ್ದೆಲ್ಲ ಅಲ್ಲೇ ಅಂಟಿಕೊಂಡು ಕೆಳಗೆ ನೀರಿನಂಥ ಮಾಲು ಬೀಳುತ್ತದೆ.

ಆ ಮಣ್ಣಿನ ಆಯಸ್ಸು ಎರಡು ತಿಂಗಳು. ಆಮೇಲೆ ಟವರ್ ನಿಲ್ಲಿಸಬೇಕು, ಒಳಗಿನ ಆವಿ ಹೋಗಲೆಂದು ನೈಟ್ರೋಜನ್ ಹಾಯಿಸಬೇಕು, ಅದಾದ ಮೇಲೆ ಗಾಳಿ ಬಿಟ್ಟು ಮೇಲಿನ ಬಾಯಿ ಬಿಚ್ಚಿ ಒಬ್ಬನನ್ನು ಇಳಿಸಬೇಕು. ಇಳಿದವನು ಗಟ್ಟಿಯಾದ ಮಣ್ಣನ್ನು ಸಲಾಕೆಯಿಂದ ಕುಟ್ಟಿ ಬುಡದ ಬಾಯಿಗೆ ದಬ್ಬುತ್ತಾನೆ. ಗಾಳಿ ಸರಿಯಾಗಿ ಬಿಟ್ಟಿದ್ದರೆ ಏನೂ ಆಗುವುದಿಲ್ಲ. ಬಿಟ್ಟಿರದಿದ್ದರೆ, ಉಸಿರಾಡಲು ಗಾಳಿಯಿಲ್ಲವೆಂದು ಅವನಿಗೆ ಗೊತ್ತೂ ಆಗುವುದಿಲ್ಲ. ನೈಟ್ರೋಜನ್ನಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರು ಕಟ್ಟಿದಂತೆಯೂ ಅನ್ನಿಸುವುದಿಲ್ಲವಂತೆ. ಮನುಷ್ಯ ನಿಂತಲ್ಲೇ ಕೂತುಬಿಡುತ್ತಾನೆ.

ನಿಂಗಕ್ಕನ ಗಂಡ ಮೂಕಣ್ಣ ಹಾಗೆ ಕೂತವನು. ನಾಲ್ಕು ವರ್ಷವಾಯಿತು. ಬೆಳಿಗ್ಗೆಯಿಂದ ಒಳಗೆ ಕೆಲಸ ಮಾಡಿ ಮಧ್ಯಾಹ್ನ ಊಟಕ್ಕೆ ಹೊರಗೆ ಬಂದಿದ್ದ. ಆ ಹೊತ್ತಿನಲ್ಲಿ ಯಾರೋ ನೈಟ್ರೋಜನ್ನಿನ ವಾಲ್ವ್ ತಿರುಗಿಸಿದ್ದರು. ಯಾರು ಅನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ, ಇನ್ನು ಆಗುವುದೂ ಇಲ್ಲ. ಮೂಕಣ್ಣ ರೊಟ್ಟಿ ತಿಂದ, ಎಲೆ-ಅಡಿಕೆ ಹಾಕಿಕೊಂಡ, ಮತ್ತೆ ಇಳಿದ. ಮೇಲಕ್ಕೆ ಎತ್ತಿದಾಗ ಎಲೆ-ಅಡಿಕೆ ಬಾಯಲ್ಲೇ ಇತ್ತು.

ಅವನ ಊರಾದ ಚೋರನೂರಿಗೆ, ಮಣ್ಣು ಕೊಡಲು ನಾವೂ ಹೋಗಿದ್ದೆವು. ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ನಿಂಗಕ್ಕ ಗೋಡೆಗೆ ಒರಗಿ ಕೂತಿದ್ದಳು. ಒಬ್ಬ ಮುದುಕಿ ಅವಳ ಬೆನ್ನು ತಟ್ಟುತ್ತ, “ಅಳವ್ವ, ಅತ್ತುಬಿಡು, ಎದಿಯಾಗ ಇಟ್ಕಾಬ್ಯಾಡ” ಅನ್ನುತ್ತಿದ್ದಳು. ನಿಂಗಕ್ಕ ಆ ಮುದುಕಿಯ ಮುಖವನ್ನೇ ನೋಡಿದಳು, ಏನು ಕೇಳುತ್ತಿದ್ದಾಳೆಂದು ತಿಳಿಯದವಳ ಹಾಗೆ. ಜೀಪಿನಲ್ಲಿ ವಾಪಸು ಬರುವಾಗ ನಮ್ಮ ಆಫೀಸಿನವರು “ಗಟ್ಟಿ ಹೆಂಗಸು” ಅಂದರು. ನಾನು ಕಿಟಕಿ ಕಡೆ ಮುಖ ತಿರುಗಿಸಿ ಕೂತೆ.

ಕಂಪನಿ ಪರಿಹಾರ ಕೊಟ್ಟಿತು, ಜೊತೆಗೆ ಅವಳಿಗೆ ಗೇಟಿನೊಳಗೆ ಗುಡಿಸುವ ಕೆಲಸ. ಮೂಕಣ್ಣನ ಜಾಗಕ್ಕೆ ಟವರ್ ಇಳಿಯಲು ಬಂದವನು ಗಾದಿಲಿಂಗ, ನಿಂಗಕ್ಕನ ಒಡಹುಟ್ಟಿದ ತಮ್ಮ. ಅವಳಿಗಿಂತ ಬಹಳ ಚಿಕ್ಕವನು, ಅವಳೇ ಸೊಂಟದ ಮೇಲೆ ಹೊತ್ತು ತಿರುಗಿದವನು. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದು ಹೊಸದೇನಲ್ಲ. ಮೂಕಣ್ಣ ಬದುಕಿದ್ದಾಗಲೇ ಮಗಳು ದುರ್ಗಾಳನ್ನು ಅವನಿಗೇ ಕೊಟ್ಟಾಗಿತ್ತು. ಹೀಗೆ ತಮ್ಮನೂ ಅವನೇ, ಅಳಿಯನೂ ಅವನೇ. ಗಂಡ ಸತ್ತ ಟವರಿಗೆ ಎರಡು ತಿಂಗಳಿಗೊಮ್ಮೆ ಅವನು ಇಳಿಯುತ್ತಿದ್ದ.

ನಾನು ತಡೆಯಲಾರದೆ ಒಮ್ಮೆ ಕೇಳಿದೆ. “ಬ್ಯಾರೆ ಕೆಲಸ ನೋಡ್ಕಾ ಅಂತ ಹೇಳಬಾರ್ದೇನವ್ವ ಅವಗ?”

“ಹೇಳೀನ್ರಿ ಅಯ್ಯನೋರೆ. ಕೇಳಂಗಿಲ್ಲ. ಎಲ್ರೂ ಅಂಜೋ ಕೆಲಸ ನಾ ಮಾಡ್ತೀನಿ ಅಂತ ಅವಗ ಹೆಮ್ಮಿ. ಮಾವಗ ಆದಂಗ ಎಲ್ರಿಗೂ ಆಕ್ಕೈತೇನು ಅಂತಾನ.”

ಇದನ್ನು ಅವಳು ಅಂಗಡಿಯಲ್ಲಿ ಉಪ್ಪಿಲ್ಲ ಎಂದು ಹೇಳುವ ದನಿಯಲ್ಲಿ ಹೇಳಿದಳು. ಅವನು ಇಳಿಯುವ ದಿನ ಮಾತ್ರ ಟವರಿನ ಬುಡದಲ್ಲೇ ಗುಡಿಸುತ್ತಿದ್ದಳು. ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದಳು. ಅವನು ಮೇಲೆ ಬಂದು ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ ಮೇಲೆ ಬೇರೆ ಕಡೆಗೆ ಹೋಗುತ್ತಿದ್ದಳು. ಅವಳ ಮುಖದಲ್ಲಿ ಏನೂ ಓದಲು ಬರುತ್ತಿರಲಿಲ್ಲ.

ಸ್ಫೂರ್ತಿ ಬಂದದ್ದು ಹೋದ ವರ್ಷ. ಹೊಸಪೇಟೆಯ ಹುಡುಗಿ, ಕೆಮಿಕಲ್ ಎಂಜಿನಿಯರ್, ನಡೆಯುವುದಕ್ಕಿಂತ ಓಡುವುದೇ ಹೆಚ್ಚು. ಅವಳೇ ಈ ಹಳೆ ಕ್ಯಾಟಲಿಸ್ಟಿನ ವಿಚಾರ ಎತ್ತಿದ್ದು. ಕಚ್ಚಾತೈಲ ಶುದ್ಧ ಮಾಡುವ ದೊಡ್ಡ ರಿಫೈನರಿಗಳಲ್ಲಿ ಕ್ಯಾಟಲಿಸ್ಟ್ ಅನ್ನುವುದನ್ನು ಬಳಸುತ್ತಾರೆ. ಮುರಿದ ಶ್ಯಾವಿಗೆಯಂಥ ಸಣ್ಣ ತುಂಡುಗಳು, ಮೈತುಂಬ ಕಣ್ಣಿಗೆ ಕಾಣದ ತೂತು. ಕೆಲವು ವರ್ಷ ದುಡಿದು ಸುಸ್ತಾದ ಮೇಲೆ ಅಲ್ಲಿ ಅವನ್ನು ತೆಗೆದುಹಾಕುತ್ತಾರೆ. ಮೈಮೇಲಿನ ಮಸಿಯನ್ನು ಸುಟ್ಟು ತೆಗೆದರೆ, ಅಲ್ಲಿಯ ಭಾರಿ ಕೆಲಸಕ್ಕೆ ಬಾರದಿದ್ದರೂ ನಮ್ಮ ಟವರಿನ ಹಗುರ ಕೆಲಸಕ್ಕೆ ಅದರಲ್ಲಿ ಇನ್ನೂ ಕಸುವು ಇರುತ್ತದಂತೆ. ಮಣ್ಣು ಎರಡು ತಿಂಗಳು ಬಂದರೆ ಇದು ಎರಡು ವರ್ಷ ಬರುತ್ತದೆ ಎಂದು ಸ್ಫೂರ್ತಿಯ ಲೆಕ್ಕ.

ನಮ್ಮ ಮ್ಯಾನೇಜರ್ ಶಂಭುಲಿಂಗಪ್ಪನವರಿಗೆ ಹೊಸದು ಅಂದರೆ ಮೈಗೆ ಆಗದು. “ಮಂದಿ ಬಿಟ್ಟ ಚಪ್ಪಲಿ ನಾವು ಮೆಟ್ಕೋಬೇಕೇನಮ್ಮ?” ಅಂದರು. ಕೊನೆಗೆ, ಸತ್ತ ಮಣ್ಣನ್ನು ಸಾಗಿಸುವ ತಲೆನೋವು ತಪ್ಪುತ್ತದಲ್ಲ ಎಂದು, ಒಂದು ಸಲ ನೋಡೋಣ ಅಂದರು. ಒಂದೇ ಸಲ ಅಂತ ಬೆರಳು ತೋರಿಸಿ ಹೇಳಿದರು.

ಅವತ್ತು ಮಧ್ಯಾಹ್ನ ನಿಂಗಕ್ಕ ಸ್ಟೋರಿನ ಬಾಗಿಲಿಗೆ ಬಂದು ನಿಂತಳು.

“ಅಯ್ಯನೋರೆ, ಹೊಸಾ ಕಾಳು ತುಂಬಿದ್ರ ಎರಡ ವರ್ಸ ಬಾಯಿ ಬಿಚ್ಚಂಗಿಲ್ಲಂತ. ಖರೇನಾ?”

“ಹೊಸಾವಲ್ಲವ್ವ, ಹಳೇವ. ಮೇಡಂ ಹಂಗಂತಾರ.”

“ಅಂದ್ರ ಗಾದಿಲಿಂಗ ಇಳ್ಯಂಗಿಲ್ಲ.”

“ಅಲ್ಲೀತನ ಇಳ್ಯಂಗಿಲ್ಲ.”

ಅವಳು ಸ್ವಲ್ಪ ಹೊತ್ತು ಹಾಗೇ ನಿಂತಳು. ಕೆಲಸವಿಲ್ಲದೆ ಅವಳು ಸುಮ್ಮನೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಹೊತ್ತಿನಿಂದ ಅವಳಿಗೆ ಬೇಕಾಗಿದ್ದದ್ದು ಒಂದೇ, ಆ ಕಾಳು ಗೆಲ್ಲಬೇಕು. ಕಾಳು ಅಂತ ಹೆಸರಿಟ್ಟವಳೂ ಅವಳೇ. ಆಮೇಲೆ ನಾವೆಲ್ಲ ಅದನ್ನೇ ಹಿಡಿದೆವು.

ಡ್ರಮ್ಮುಗಳು ಬಂದವು. ಮುಚ್ಚಳಗಳು ಭದ್ರವಾಗಿದ್ದವು, ನಾನೇ ನೋಡಿ ಇಳಿಸಿಕೊಂಡೆ. ಆದರೆ ಲಾರಿಯ ಕುಲುಕಾಟಕ್ಕೆ ಒಳಗಿನ ಕಾಳು ಒಂದಕ್ಕೊಂದು ತಿಕ್ಕಿ ಎಷ್ಟೋ ಪುಡಿಯಾಗಿತ್ತು. ಪುಡಿ ಟವರಿಗೆ ಹೋದರೆ ಬೆಂಜೀನ್ ಇಳಿಯುವ ದಾರಿಯೇ ಕಟ್ಟುತ್ತದೆ. ಯಂತ್ರದ ಜರಡಿಗೆ ಹಾಕಿದರೆ ಇದ್ದ ಕಾಳೂ ಮುರಿಯತೊಡಗಿತು, ಅಕ್ಕಿಗಿಂತ ನುಚ್ಚೇ ಜಾಸ್ತಿ. ಕೈಜರಡಿ ಹಿಡಿಯುವವರು ಬೇಕು, ಈಗಿನ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂದು ಸ್ಫೂರ್ತಿ ತಲೆ ಮೇಲೆ ಕೈಯಿಟ್ಟುಕೊಂಡಿದ್ದಾಗ ನಿಂಗಕ್ಕ “ನಾವ ಅದೀವಲ್ರಿ” ಅಂದಳು.

ನಿಜವೇ. ಸಂಡೂರಿನ ಗುಡ್ಡಗಳಲ್ಲಿ ಅದಿರಿನ ಭರಾಟೆ ಇದ್ದ ಕಾಲದಲ್ಲಿ ಚೋರನೂರಿನ ಹೆಂಗಸರೆಲ್ಲ ಅಲ್ಲಿ ಜರಡಿ ಹಿಡಿದವರೇ. ದಪ್ಪ ಅದಿರು ಒಂದು ಕಡೆ, ಸಣ್ಣದು ಒಂದು ಕಡೆ, ಮಣ್ಣು ಒಂದು ಕಡೆ. ಮುಖ, ಸೀರೆ, ಉಗುಳು ಎಲ್ಲ ಕೆಂಪು. ಗಣಿಗಳು ನಿಂತಾಗ ಜರಡಿಗಳು ಅಟ್ಟಕ್ಕೇರಿದವು. ಅವನ್ನು ಇಳಿಸಿ ತೊಳೆದು, ಹೊಸ ಜಾಲರಿ ಹಾಕಿಸಿಕೊಂಡು ನಿಂಗಕ್ಕ ಐದಾರು ಜನರನ್ನು ಕರೆತಂದಳು. ಅವರಲ್ಲಿ ಮಾತಿನ ಮಲ್ಲಿ ವಿರುಪಮ್ಮ. ಜರಡಿ ಹಿಡಿಯುವ ಶೆಡ್ಡಿನಲ್ಲಿ ನಡೆದದ್ದೆಲ್ಲ ನನಗೆ ಆಮೇಲೆ ತಿಳಿದದ್ದು ಅವಳ ಬಾಯಿಂದ.

ಸ್ಫೂರ್ತಿ ಮೊದಲ ದಿನ ಬಂದು ಮಾಸ್ಕು, ಕೈಗವಸು ಕೊಟ್ಟು ಹೇಳಿದ್ದು ಒಂದೇ ಮಾತು. “ದೂಳು ಮಾತ್ರ ಏಳಬಾರದು. ಇದರ ದೂಳು ಎದೆಗೆ ಭಾಳ ಕೆಟ್ಟದ್ದು. ನಿಮ್ಮ ಆರೋಗ್ಯದ ಪ್ರಶ್ನೆ, ಒಂಚೂರೂ ದೂಳು ಏಳಬಾರದು.” ಇಷ್ಟು ಹೇಳಿ, ಟವರಿನ ಪೈಪು ಬದಲಿಸುವ ಕಡೆಗೆ ಓಡಿದಳು.

ದೂಳು ಏಳಬಾರದು ಅಂದರೆ ಏನು ಮಾಡಬೇಕು? ಗುಡ್ಡದಲ್ಲಿ ಕೆಲಸ ಮಾಡಿದವರನ್ನು ಇದನ್ನು ಕೇಳುವುದೇ ಬೇಡ. ಅಲ್ಲಿ ರಸ್ತೆಗೆ ಟ್ಯಾಂಕರು ನೀರು ಹೊಡೆಯುತ್ತಿತ್ತು, ರಾಶಿಗೆ ಹೆಂಗಸರು ಹೊಡೆಯುತ್ತಿದ್ದರು. ಬೇವಿನ ಟೊಂಗೆಯೊಂದನ್ನು ಬಕೆಟ್ಟಿಗೆ ಅದ್ದುವುದು, ರಾಶಿ ಮೇಲೆ ಚಿಮುಕಿಸುವುದು, ಆಮೇಲೆ ಜರಡಿಗೆ ಕೈ ಹಾಕುವುದು. ಚಿಮುಕಿಸದೆ ಕೂತರೆ ಮೇಸ್ತ್ರಿ ಬೈಯುತ್ತಿದ್ದ. ಹತ್ತು ವರ್ಷ ಹಾಗೆ ಮಾಡಿದ ಕೈಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಶೆಡ್ಡಿನ ಹಿಂದೆ ಬೇವಿನ ಗಿಡವಿತ್ತು, ಪಕ್ಕದಲ್ಲೇ ನಲ್ಲಿ.

ನೀರು ಬಿದ್ದ ಕಾಳು ಒದ್ದೆಯಾಗಲಿಲ್ಲ. ಬಿದ್ದ ಹನಿ ಬಿದ್ದಲ್ಲೇ ಇಂಗಿ ಮೇಲೆ ಒಣಗಿದಂತೆಯೇ ಕಾಣುತ್ತಿತ್ತು. ದೂಳು ಮಾತ್ರ ಕೂತಿತು. ಇನ್ನೊಂದು ಚಮತ್ಕಾರವೆಂದರೆ ರಾಶಿ ಬೆಚ್ಚಗಾಯಿತು. ಜನವರಿಯ ಚಳಿ, ಗುಡ್ಡದ ಕಡೆಯಿಂದ ಕೊರೆಯುವ ಗಾಳಿ. ಹೆಂಗಸರು ಕೈಗವಸು ಬಿಚ್ಚಿಟ್ಟು ಅಂಗೈ ಇಟ್ಟು ಕಾಯಿಸಿಕೊಂಡರು. ಬಿಸಿಲಿಗೆ ಕಾದಿರಬೇಕು ಅಂದುಕೊಂಡರು, ಶೆಡ್ಡಿನೊಳಗೆ ಬಿಸಿಲು ಎಲ್ಲಿಂದ ಎಂದು ಯಾರಿಗೂ ಹೊಳೆಯಲಿಲ್ಲ.

“ನಿಂಗಕ್ಕ, ಕೈ ಇಡಬೇ, ಬಾಣಂತಿ ಹಾಸಿಗಿಯಂಗ ಬೆಚ್ಚಗ ಐತಿ” ಎಂದು ವಿರುಪಮ್ಮ ಕರೆದಳು.

ನಿಂಗಕ್ಕ ಜರಡಿ ಕೆಳಗಿಟ್ಟು ಕೈಯಿಟ್ಟಳು. “ನನಗೇನೂ ಗೊತ್ತಾಗವಲ್ದು” ಎಂದು ಮತ್ತೆ ಜರಡಿ ಹಿಡಿದಳು. ವಿರುಪಮ್ಮನಿಗೆ ಅದು ಸರಿಕಾಣಲಿಲ್ಲ. ಕೈ ಇಟ್ಟರೆ ಒಲೆಯ ಪಕ್ಕ ಇಟ್ಟಂತಿದ್ದ ರಾಶಿ ಅದು. ಆದರೆ ಆ ಹೆಂಗಸಿನ ಹತ್ತಿರ ಯಾರು ಮಾತು ಬೆಳೆಸುತ್ತಾರೆ ಎಂದು ಸುಮ್ಮನಾದಳಂತೆ.

ಅಷ್ಟು ಶ್ರದ್ಧೆಯಿಂದ ಯಾರೂ ಜರಡಿ ಹಿಡಿದಿರಲಾರರು. ನಿಂಗಕ್ಕ ಬೇರೆಯವರು ಜರಡಿ ಹಿಡಿದದ್ದನ್ನೂ ಕೈಯಾಡಿಸಿ ನೋಡಿ, ಒಂದು ಪುಡಿ ಕಂಡರೆ ಮತ್ತೆ ಜರಡಿಗೆ ಸುರಿಯುತ್ತಿದ್ದಳು. ಸುರಿಯುವ ಮುಂಚೆ ಮತ್ತೊಮ್ಮೆ ನೀರು. ಕೊನೆಯ ದಿನ ಸ್ಫೂರ್ತಿ ಬಂದು ನೋಡಿ, “ನಿಂಗಕ್ಕಾ, ಎಷ್ಟು ಚೆಂದ ಮಾಡೀರಿ, ಹೆಸರಿಗೂ ದೂಳಿಲ್ಲ” ಅಂದಳು. ಟವರು ತುಂಬಿತು, ಬಾಯಿ ಮುಚ್ಚಿತು.

ನಮ್ಮ ಲ್ಯಾಬಿನಲ್ಲಿ ಒಂದು ಪರೀಕ್ಷೆ ಇದೆ. ಬಾಟಲಿಯಲ್ಲಿ ಬೆಂಜೀನಿಗೆ ಆಸಿಡ್ ಬೆರೆಸಿ ಕುಲುಕುತ್ತಾರೆ. ತಿಳಿಯಾಗೇ ಉಳಿದರೆ ಮಾಲು ಚೊಕ್ಕ, ಬಣ್ಣ ತಿರುಗಿದರೆ ಒಳಗೆ ಕಲಬೆರಕೆ ಇದೆಯೆಂದು ಅರ್ಥ. ಮೊದಲ ದಿನ ಬಾಟಲಿ ತೆಳು ಹಳದಿಯಾಯಿತು. ಮರುದಿನ ಚಹದ ಬಣ್ಣ. ಅದರ ಮರುದಿನ ಡಿಕಾಕ್ಷನ್. ಸ್ಫೂರ್ತಿಗೆ ಓಡುವುದೂ ಮರೆತುಹೋಯಿತು. ಶಂಭುಲಿಂಗಪ್ಪನವರ ಮುಖದಲ್ಲಿ ಒಂದು ಥರದ ಸಮಾಧಾನ. “ನಾ ಮೊದ್ಲ ಹೇಳಿದ್ದೆ” ಅನ್ನುವವರು ಜಗತ್ತಿನಲ್ಲಿ ಎಲ್ಲಿದ್ದರೂ ಒಂದೇ ಥರ ಇರುತ್ತಾರೆ. ಗುರುವಾರ ಟವರ್ ಬಿಚ್ಚಿ ಕಾಳು ತೆಗೆದು, ಮತ್ತೆ ಮಣ್ಣು ತುಂಬುವುದು ಎಂದು ಹೇಳಿಬಿಟ್ಟರು. ಇನ್ನು ಮೇಲೆ ಮಣ್ಣೇ, ಈ ಮಾತು ಮತ್ತೆ ಎತ್ತಬೇಡ ಎಂದು ಸ್ಫೂರ್ತಿಗೂ ಹೇಳಿದರು.

ಗುರುವಾರ ಬೆಳಿಗ್ಗೆ ಕಂಟ್ರಾಕ್ಟರ್ ಚನ್ನಯ್ಯ ತನ್ನ ಗ್ಯಾಂಗನ್ನು ಕರೆತಂದ. ಅದರಲ್ಲಿದ್ದ ಗಾದಿಲಿಂಗ ಸ್ಟೋರಿಗೆ ಬಂದು ಬೆಲ್ಟು, ಹಗ್ಗ ತೆಗೆದುಕೊಂಡು ಹೋದ. ಟವರಿನ ಬುಡದಲ್ಲಿ ನಿಂಗಕ್ಕ ಆಗಲೇ ಪೊರಕೆ ಹಿಡಿದಿದ್ದಳು. ಮ್ಯಾನೇಜರ್ ಇದ್ದರು, ನಾನೂ ಹೋದೆ. ಮೇಲೆ ಇಬ್ಬರು ಬಾಯಿಯ ನಟ್ಟು ಸಡಿಲಿಸತೊಡಗಿದ್ದರು. ಸ್ಫೂರ್ತಿ ಮಾತ್ರ ಪಟ್ಟು ಬಿಡದೆ ಒಬ್ಬೊಬ್ಬರನ್ನೇ ಕೇಳುತ್ತಿದ್ದಳು. ಬರುವಾಗ ಡ್ರಮ್ಮಿಗೆ ಮಳೆ ಬಿದ್ದಿತ್ತಾ? ಮುಚ್ಚಳ ತೆರೆದಿತ್ತಾ?

“ಜನವರಿಯಾಗ ಎಲ್ಲಿ ಮಳಿ ಮೇಡಂ. ಮುಚ್ಚಳ ನಾನ ನೋಡೀನಿ” ಅಂದೆ.

“ಹಾಗಾದ್ರೆ ನೀರು ಎಲ್ಲಿಂದ ಬಂತು ಕೊಟ್ರಯ್ಯನೋರೆ? ಬುಡದ ಪೈಪಿನಲ್ಲಿ ನೀರು ಬರ್ತಿದೆ. ಈ ಕಾಳು ನೀರು ಕುಡಿದಿದೆ. ಕುಡಿಯುವಾಗ ಬೆಚ್ಚಗೂ ಆಗುತ್ತೆ ಇದು. ಕುಡಿದ್ರೆ ಅದರ ತೂತಲ್ಲೆಲ್ಲ ನೀರೇ ಕೂತ್ಕೊಳ್ಳುತ್ತೆ, ಕಲಬೆರಕೆ ಹಿಡಿಯೋಕೆ ಜಾಗವೇ ಇರಲ್ಲ.”

ಪೊರಕೆಯ ಸದ್ದು ನಿಂತಿತು. ಗಾದಿಲಿಂಗ ಬೆಲ್ಟು ಕಟ್ಟಿ ಏಣಿಯ ಮೇಲೆ ಒಂದು ಕಾಲಿಟ್ಟಿದ್ದ.

“ನೀರ ನಾನ ಹಾಕೀನ್ರಿ” ಅಂದಳು ನಿಂಗಕ್ಕ.

ನಾವು ಅನ್ನಲಿಲ್ಲ, ನಾನು ಅಂದಳು. ವಿರುಪಮ್ಮ ಮತ್ತು ಉಳಿದವರೆಲ್ಲ ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು, ಒಬ್ಬರೂ ತುಟಿ ಬಿಚ್ಚಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ, ತಪ್ಪೆನ್ನುವ ಹಾಗಿಲ್ಲ.

ಶಂಭುಲಿಂಗಪ್ಪನವರ ದನಿ ಏರಿತು. “ಯಾರು ಹೇಳಿದ್ರು ನಿನಗ ನೀರು ಹಾಕಂತ?”

“ಯಾರೂ ಹೇಳಿಲ್ರಿ. ದೂಳ ಏಳಬಾರ್ದು ಅಂದ್ರು. ಅದಿರಿನಾಗ ಹಂಗ ಮಾಡ್ತಿದ್ವಿ.”

“ಇದೇನು ಅದಿರಾ? ಅಷ್ಟೂ ತಿಳ್ಯಂಗಿಲ್ಲ ನಿನಗ? ನಾಳಿಯಿಂದ ಗೇಟಿನೊಳಗ ಕಾಲಿಡಬ್ಯಾಡ.”

“ಆತ್ರಿ.”

ಅವಳು ಪೊರಕೆಯನ್ನು ಕಂಬಕ್ಕೆ ಒರಗಿಸಿದಳು. ಅಳು ಇಲ್ಲ, ಕೈ ಮುಗಿಯಲಿಲ್ಲ. “ನಾ ಹೋಕ್ಕೀನ್ರಿ. ಅವನ್ನ ಇಳಸಬ್ಯಾಡ್ರಿ. ಕಾಳಿಂದೇನೂ ತಪ್ಪಿಲ್ಲ, ನನ್ನ ನೀರಿಂದು” ಅಂದಳು. ಇಷ್ಟು ಹೇಳುವಾಗ ಅವಳು ನೋಡುತ್ತಿದ್ದದ್ದು ಮ್ಯಾನೇಜರನ್ನಲ್ಲ, ಏಣಿಯ ಮೇಲಿನ ಆ ಕಾಲನ್ನು. ನನಗೆ ಆಗ ಅನ್ನಿಸಿತು, ಕಾರ್ಖಾನೆಗೆ ಕಾರ್ಖಾನೆಯೇ ಹೊತ್ತಿ ಉರಿದರೂ ಇವಳು ಆ ಕಾಲು ಕೆಳಗಿಳಿಯುವವರೆಗೆ ಕದಲುವವಳಲ್ಲ ಎಂದು.

ಸ್ಫೂರ್ತಿ ಮಧ್ಯೆ ಬಂದಳು. “ನೀರು ತಾನೇ ಸರ್, ಒಣಗಿಸಬಹುದು. ಕೆಳಗಿನಿಂದ ಬಿಸಿ ನೈಟ್ರೋಜನ್ ಹಾಯಿಸಿದ್ರೆ ಇದ್ದಲ್ಲೇ ಒಣಗುತ್ತೆ. ಬಾಯಿ ಬಿಚ್ಚೋದೇ ಬೇಡ. ಆಮೇಲೆ ಇನ್ನೊಂದು ಮಾತು ಸರ್, ನೀರು ತಾಕಬಾರದು ಅಂತ ನಾನು ಹೇಳಿರಲೇ ಇಲ್ಲ. ಹೇಳಬೇಕಾದವಳು ನಾನು.”

ಮ್ಯಾನೇಜರ್ ತಲೆಯೆತ್ತಿ ಟವರನ್ನು ನೋಡಿದರು. ಮೇಲಿನವರಿಗೆ ಏನು ಉತ್ತರ ಕೊಡುವುದೆಂದು ಯೋಚಿಸಿದರೋ, ಅಷ್ಟು ಕಾಳನ್ನು ಚೆಲ್ಲಬೇಕಲ್ಲ ಎಂದು ಯೋಚಿಸಿದರೋ, ಸೋಮವಾರದವರೆಗೆ ಸಮಯ ಕೊಟ್ಟಿದ್ದೇನೆ ಅಂದರು. ಬಿಚ್ಚಿದ ನಟ್ಟನ್ನು ಮತ್ತೆ ಬಿಗಿದರು. ನಿಂಗಕ್ಕನನ್ನು ಕಳಿಸುವ ಮಾತು ಅವರಿಗೆ ಮರೆತುಹೋಯಿತೋ, ಮರೆತಂತೆ ಮಾಡಿದರೋ, ಮರುದಿನ ಅವಳು ಬಂದಾಗ ಗೇಟಿನಲ್ಲಿ ಯಾರೂ ತಡೆಯಲಿಲ್ಲ.

“ಏನಬೇ ಅಕ್ಕ, ಕಟ್ಟಿದ ಬೆಲ್ಟ್ ಬಿಚ್ಚಿಸಿದ್ಯಲ್ಲ” ಎಂದು ಗಾದಿಲಿಂಗ ನಗುತ್ತ ಇಳಿದ.

ಸೋಮವಾರದ ಬಾಟಲಿಯನ್ನು ಸ್ಫೂರ್ತಿ ಕೈಯಲ್ಲಿ ಹಿಡಿದು ಓಡಿಕೊಂಡೇ ಬಂದಳು. ಶೆಡ್ಡಿನಲ್ಲಿ ನಿಂಗಕ್ಕನ ಕಣ್ಣಿನ ಮುಂದೆ ಹಿಡಿದಳು. “ನೋಡ್ರಿ ನಿಂಗಕ್ಕ!”

ನಿಂಗಕ್ಕ ನೋಡಿದಳು. “ಏನೂ ಇಲ್ಲಲ್ರಿ ಇದ್ರಾಗ.”

“ಅದೇ ಬೇಕಾಗಿದ್ದದ್ದು.”

ಬೋರ್ಡಿನ ಮೇಲಿನ ಫೋಟೋ ಆಗಿನದು. ಸಪ್ತಾಹದಲ್ಲಿ, ತಪ್ಪನ್ನು ತಾನಾಗಿ ಒಪ್ಪಿಕೊಂಡವಳು ಎಂದು ಭಾಷಣ ಮಾಡಿದವರೂ ಶಂಭುಲಿಂಗಪ್ಪನವರೇ. ನಾನು ಹಿಂದಿನ ಸಾಲಿನಲ್ಲಿ ಕೂತು ಹಲ್ಲು ಕಚ್ಚಿಕೊಂಡೆ. ಆದರೆ ಖುಷಿಯೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಮಾರ್ಚ್ ಬಂತು, ಮಣ್ಣು ಬದಲಿಸುವ ದಿನ ಬಂದು ಹೋಯಿತು, ಟವರಿನ ಬಾಯಿ ಮುಚ್ಚೇ ಇತ್ತು. ನಿಂಗಕ್ಕ ಒಂದು ದಿನ ಕ್ಯಾಂಟೀನಿನವನ ಜೊತೆ ಸಾರಿಗೆ ಹುಳಿ ಜಾಸ್ತಿ ಎಂದು ಜಗಳ ತೆಗೆದಳು. ಇದು ಸಾರಲ್ಲ, ಹುಣಸೆಹಣ್ಣಿನ ರಸ ಎಂದು ತಟ್ಟೆ ಪಕ್ಕಕ್ಕೆ ದೂಡಿದಳು. ಬೈಸಿಕೊಂಡ ಅವನು ಎಲ್ಲರಿಗೂ ಹೇಳಿಕೊಂಡು ತಿರುಗಿದ. ನಾಲ್ಕು ವರ್ಷದಿಂದ ಹಾಕಿದ್ದನ್ನು ಹಾಕಿದ ಹಾಗೆ ಉಂಡು ಏಳುತ್ತಿದ್ದವಳಿಗೆ ನಾಲಿಗೆ ಮರಳಿ ಬಂದಿತ್ತು. ನಮಗೆಲ್ಲ ಮನೆಯಲ್ಲಿ ಶುಭಕಾರ್ಯವಾದಷ್ಟು ಸಂತೋಷ.

ಆ ಸಂತೋಷಕ್ಕೆ ಆಯಸ್ಸು ಇರಲಿಲ್ಲ. ಏಪ್ರಿಲ್‌ನಲ್ಲಿ ಚನ್ನಯ್ಯ ಬಂದು, ಇಲ್ಲಿ ಇನ್ನು ಎರಡು ವರ್ಷ ಟವರ್ ಕೆಲಸ ಇಲ್ಲವಾದ್ದರಿಂದ ಗ್ಯಾಂಗನ್ನು ಬೇರೆ ಕಡೆ ಹಚ್ಚುತ್ತೇನೆ ಅಂದ. ಗುಜರಾತಿನ ಕಡೆ ಇಂಥ ಕಾರ್ಖಾನೆಗಳು ಸಾಲುಸಾಲು ಇವೆಯಂತೆ, ಎಲ್ಲ ಕಡೆ ಇನ್ನೂ ಮಣ್ಣೇ. ಇಳಿಯಲು ಗೊತ್ತಿರುವವನಿಗೆ ಒಂದು ಟವರ್ ಮುಗಿಯುವಷ್ಟರಲ್ಲಿ ಇನ್ನೊಂದು ಕಾದಿರುತ್ತದೆ. ಗಾದಿಲಿಂಗ ಕುಣಿದಾಡಿಬಿಟ್ಟ.

ನಿಂಗಕ್ಕ ಮ್ಯಾನೇಜರ ಕೋಣೆಗೆ ಹೋಗಿ, ಅವನಿಗೆ ಇಲ್ಲೇ ಏನಾದರೂ ಕೊಡಿ ಎಂದು ಕೇಳಿದಳು. ಸ್ಫೂರ್ತಿಯೂ ಜೊತೆಗೆ ಹೋಗಿದ್ದಳು. ಟವರೇ ಬಿಚ್ಚದ ಮೇಲೆ ಇಳಿಯುವವನನ್ನು ಇಟ್ಟುಕೊಂಡು ಏನು ಮಾಡಲಿ, ಬೇಕಾದರೆ ಗುಡಿಸಲಿ ಅಂದರು ಅವರು. ಅದೂ ಆಗಬಹುದಿತ್ತು. ಗಾದಿಲಿಂಗನೇ ಒಪ್ಪಲಿಲ್ಲ. “ನಾ ಪೊರಕಿ ಹಿಡಿಯಾಂವ ಅಲ್ಲಕ್ಕ. ದುರ್ಗಾನ್ನ ನೋಡ್ಕ್ಯಾ” ಎಂದು ಹೇಳಿ, ಹೊಸಪೇಟೆ ಸ್ಟೇಷನ್ನಿನಲ್ಲಿ ರೈಲು ಹತ್ತಿದ. ದುರ್ಗಾ ಎಳೆಗೂಸನ್ನು ಎತ್ತಿಕೊಂಡು ತವರಿಗೆ ಬಂದಳು. ಹಳೆ ಕಾಳನ್ನು ಗೆಲ್ಲಿಸಿದ್ದು ಇದಕ್ಕೋಸ್ಕರವಾ ಎಂದು ಯೋಚಿಸಿದರೆ ನನಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಸ್ಫೂರ್ತಿ ಮಾಡಿದ್ದು ಸರಿ, ಮ್ಯಾನೇಜರ್ ಹೇಳಿದ್ದರಲ್ಲಿ ಸುಳ್ಳಿಲ್ಲ, ಚನ್ನಯ್ಯನಿಗೆ ಹೊಟ್ಟೆಪಾಡು. ಸಿಟ್ಟು ಮಾತ್ರ ಹಾಗೇ ಉಳಿದಿದೆ.

ಹೋದ ವಾರ ಟಾಲ್ವೀನಿನ ಟವರಿಗೂ ಕಾಳು ಬಂತು. ಡ್ರಮ್ಮು ಎಣಿಸಿಕೊಳ್ಳಲು ಶೆಡ್ಡಿಗೆ ಹೋದಾಗ ನಿಂಗಕ್ಕ ಒಬ್ಬಳೇ ಕೂತು ಜರಡಿ ಹಿಡಿದಿದ್ದಳು. ಈ ಸಲ ಬಕೆಟ್ಟಿಲ್ಲ. ಗೋಡೆಗೆ ದೂಳು ಎಳೆಯುವ ಫ್ಯಾನು ಹಾಕಿಸಿದ್ದಾರೆ. ಉಳಿದವರು ಚಹಕ್ಕೆ ಹೋಗಿದ್ದರು.

“ಫೋನ್ ಮಾಡ್ತಾನೇನವ್ವ ಗಾದಿಲಿಂಗ?” ಎಂದು ಕೇಳಿದೆ.

“ದುರ್ಗಾಗ ಮಾಡ್ತಾನ್ರಿ. ಮೊನ್ನಿ ಯಾವ್ದೋ ಊರಾಗ ಅದೀನಿ ಅಂದ್ನಂತ. ಊರ ಹೆಸರು ನನ್ನ ಬಾಯಿಗೆ ಬರಂಗಿಲ್ಲ.”

“ಆರಾಮ ಅದಾನಲ್ಲ, ಬಿಡು.”

“ಅದಾನ್ರಿ.”

ಜರಡಿ ಎರಡು ಸುತ್ತು ತಿರುಗಿತು. ಆಮೇಲೆ ಅವಳು ನನ್ನ ಕಡೆ ನೋಡದೆ, ಯಾವಾಗಿನ ಅದೇ ದನಿಯಲ್ಲಿ ಹೇಳಿದಳು.

“ಇಲ್ಲಿದ್ದಾಗ ಯಾವತ್ತು ಇಳೀತಾನಂತ ಗೊತ್ತಿರ್ತಿತ್ರಿ ಅಯ್ಯನೋರೆ. ಆ ಒಂದಿನ ಅಂಜತಿದ್ದೆ. ಅವ ಮ್ಯಾಲ ಬಂದ ಮ್ಯಾಲ ಮುಂದಿನ ಎರಡ ತಿಂಗಳು ಅಂಜಿಕಿ ಇರ್ತಿರ್ಲಿಲ್ಲ. ಈಗ ಯಾವತ್ತು ಅಂಜಬೇಕಂತ ಗೊತ್ತಾಗವಲ್ದು.”

ನಾನು ಅಲ್ಲೇ ಒಂದು ಡ್ರಮ್ಮಿನ ಮೇಲೆ ಕೂತೆ. ಅವಳು ಜರಡಿಯಲ್ಲಿ ಉಳಿದ ಕಾಳನ್ನು ಚೀಲಕ್ಕೆ ಸುರಿದು ಇನ್ನೊಂದು ಬೊಗಸೆ ಹಾಕಿಕೊಂಡಳು.